ಪಾಲಮ್ಮನ ಮುಖಕ್ಕೊಂದು ಲೆನ್ಸು

ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಸೆಲ್ವರಾಜ್ ತೆಗೆದ ಫೋಟೋ ಇಲ್ಲದ ಗೋಡೆ ಹುಡುಕಬೇಕಾದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಹುಡುಕಬೇಕು. ಮದುವೆ, ಸೀಮಂತ, ಮಕ್ಕಳ ಮುಡಿ, ಕೊನೆಗೆ ಒಂದು ನಲ್ಲಿಯ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ರಾಜಿಯಾದ ದಿನ, ಎಲ್ಲಕ್ಕೂ ಅವನೇ ಬೇಕು. ಹಾಗಂತ ಅವನೇನೂ ಸ್ಟುಡಿಯೋ ಇಟ್ಟವನಲ್ಲ. ಮಾರಿಕುಪ್ಪಂನಿಂದ ಹೊರಟು ಬರುವ ಬೆಳಗಿನ ರೈಲನ್ನು ಉರಿಗಾಂನಲ್ಲಿ ಹತ್ತಿ, ವೈಟ್‌ಫೀಲ್ಡ್ ಹತ್ತಿರದ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟಿನ ಜೊತೆ ದಿನ ಕಳೆದು, ಸಂಜೆ ಒಂದು ಕಾಲಿನ ಮೇಲೆ ನಿಂತು ವಾಪಸಾಗುವ ಮಂದಿಯಲ್ಲಿ ಅವನೂ ಒಬ್ಬ. ಭಾನುವಾರ ಮಾತ್ರ ಫೋಟೋಗ್ರಾಫರ್.

ಅವನ ಕ್ಯಾಮೆರಾ ಅವನು ಕೊಂಡದ್ದಲ್ಲ. ಚಿನ್ನದ ಗಣಿ ಮುಚ್ಚಿದಾಗ ಊರು ಬಿಟ್ಟು ಹೋದವರಲ್ಲಿ ವಿಜಯಕುಮಾರ್ ಎಂಬ ಕಂಪೌಂಡರ್ ಒಬ್ಬರಿದ್ದರು. ಮನೆಯ ಸಾಮಾನೆಲ್ಲ ಲಾರಿಗೆ ಹೇರಿದ ಮೇಲೆ ಅವರು ಸೆಲ್ವರಾಜನನ್ನು ಕರೆದು, "ನಿನ್ ಕೈ ನಡುಗಲ್ಲಪ್ಪ, ಇದು ನಿಂಗೇ ಇರ್ಲಿ" ಎಂದು ಚರ್ಮದ ಚೀಲದ ಸಮೇತ ಕೊಟ್ಟು ಹೋದ ರಷ್ಯಾದ ಹಳೇ ಕ್ಯಾಮೆರಾ ಅದು. ರೇಂಜ್‌ಫೈಂಡರ್ ಎನ್ನುತ್ತಾರೆ. ಕಣ್ಣಿಟ್ಟು ನೋಡುವ ಸಣ್ಣ ಕಿಟಕಿಯಲ್ಲಿ ಎದುರಿಗಿರುವ ಮನುಷ್ಯ ಇಬ್ಬರಾಗಿ ಕಾಣುತ್ತಾನೆ, ಒಬ್ಬ ಗಟ್ಟಿ, ಇನ್ನೊಬ್ಬ ನೆರಳಿನಂಥವನು. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಇಬ್ಬರೂ ಹತ್ತಿರ ಹತ್ತಿರ ಬಂದು ಒಂದಾಗುತ್ತಾರೆ. ಆಗ ಗುಂಡಿ ಒತ್ತಬೇಕು. ಮೊಬೈಲ್ ಬಂದ ಮೇಲೆ ಊರವರೆಲ್ಲ ಅವನನ್ನು ಗೇಲಿ ಮಾಡಿದರು. ರೀಲಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಒಂದು ರೀಲನ್ನು ಅವನು ಯುಗಾದಿಯಿಂದ ಗಣೇಶನ ಹಬ್ಬದವರೆಗೆ ಎಳೆಯುತ್ತಾನೆ. ಆದರೂ ಗೋಡೆಗೆ ಹಾಕುವ ಫೋಟೋ ಬೇಕೆಂದರೆ ಗೇಲಿ ಮಾಡಿದವರೇ ಬಂದು ಬಾಗಿಲು ತಟ್ಟುತ್ತಾರೆ.

ಇಷ್ಟು ಜನರ ಮುಖ ತೆಗೆದವನ ಹತ್ತಿರ ಪಾಲಮ್ಮನ ಮುಖ ಮಾತ್ರ ಒಂದೂ ಇರಲಿಲ್ಲ.

ಪಾಲಮ್ಮ ಎಂದರೆ ಅಕ್ಕಯ್ಯಮ್ಮ, ಬಂಗಾರಪೇಟೆ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯ ರೈತರ ಮನೆಯಾಕೆ. ಸೆಲ್ವರಾಜ್ ಹುಟ್ಟಿದಾಗ ಅವನ ತಾಯಿ ಇಂದ್ರಾಣಿ ಬಾಣಂತಿ ಜ್ವರದಲ್ಲಿ ಆಸ್ಪತ್ರೆ ಸೇರಿದಳು, ತಿಂಗಳುಗಟ್ಟಲೆ ಏಳಲಿಲ್ಲ. ಎದೆಹಾಲು ಬತ್ತಿತು. ಹಸುವಿನ ಹಾಲು ಕೂಸಿಗೆ ಒಗ್ಗಲಿಲ್ಲ, ಕುಡಿದದ್ದೆಲ್ಲ ಕಕ್ಕುತ್ತಿತ್ತು. ಆಗ ಅಕ್ಕಯ್ಯಮ್ಮ ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು ಲೈನಿಗೆ ಹಾಲು ಹಾಕಲು ಬರುತ್ತಿದ್ದಳು. ಅವಳಿಗೂ ಮನೆಯಲ್ಲಿ ಮುನೇಶ ಎಂಬ ಎಳೆಗೂಸು. ಒಂದು ಬೆಳಗ್ಗೆ ಇವನ ಅಳು ಕೇಳಿ ಕ್ಯಾನು ಕೆಳಗಿಟ್ಟಳು. ಯಾರನ್ನೂ ಏನೂ ಕೇಳಲಿಲ್ಲ, ಜಾತಿಯ ಮಾತಂತೂ ಅತ್ತಲೇ ಇರಲಿ. ಜಗುಲಿಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು. ಇಂದ್ರಾಣಿ ಎದ್ದು ಮನೆಗೆ ಬರುವವರೆಗೂ ಅದು ನಡೆಯಿತು. ತಮಿಳಿನವರಿಗೂ ಹಾಲು ಪಾಲೇ, ತೆಲುಗಿನವರಿಗೂ ಪಾಲೇ. ಲೈನಿನವರು ಅವಳನ್ನು ಪಾಲಮ್ಮ ಎಂದರು, ಅದೇ ನಿಂತಿತು.

ಆಮೇಲೂ ವರ್ಷಗಟ್ಟಲೆ ಅವಳೇ ಆ ಮನೆಗೆ ಹಾಲು ಹಾಕಿದಳು. ಅಂಚು ನೆಗ್ಗಿದ ಹಿತ್ತಾಳೆ ಪಾವಿನಲ್ಲಿ ಅಳೆದು, "ನೆಗ್ಗಿರೋದು ಮೋಸ ಮಾಡ್ತೈತೆ" ಎಂದು ಮೇಲೊಂದಿಷ್ಟು ಸುರಿಯುವುದು ಅವಳ ಪದ್ಧತಿ. ಹಾಲು ಅಳೆಯುವವರು ಯಾರಾದರೂ ತಮ್ಮ ಪಾವಿನ ಮೇಲೆ ತಾವೇ ದೂರು ಹೇಳುವುದುಂಟೆ? ಅವಳು ಹೇಳುತ್ತಿದ್ದಳು.

ಅವಳ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿಂದ ಬಾಯಿಯ ಹತ್ತಿರದವರೆಗೆ, ಹಳೆಯ ಗಾಯದ ಗೆರೆ. ಹಸು ಕೊಂಬಿನಲ್ಲಿ ತಿವಿದದ್ದು ಎಂದು ಊರೇ ಹೇಳುತ್ತದೆ. ಫೋಟೋ ಎಂದ ಕೂಡಲೇ ಅವಳ ಕೈ ಸೆರಗನ್ನು ಎಳೆದು ಆ ಕೆನ್ನೆ ಮುಚ್ಚಿಬಿಡುತ್ತದೆ. ಡೈರಿಯವರ ಮುಂದೆ, ದನದ ಡಾಕ್ಟರ ಮುಂದೆ ಅಷ್ಟಿಲ್ಲ. ಸೆಲ್ವರಾಜ್ ಹತ್ತಿರ ಬಂದರೆ ಮಾತ್ರ, ಕ್ಯಾಮೆರಾ ಇರಲಿ ಬಿಡಲಿ, ಸೆರಗು ಏರುತ್ತದೆ. ತಾನು ಫೋಟೋ ತೆಗೆಯುವವನು ಎಂಬ ಅಂಜಿಕೆ ಇರಬೇಕು ಎಂದು ಅವನು ಅಂದುಕೊಂಡಿದ್ದ.

ಈ ಆಷಾಢದಲ್ಲಿ ಪಾಲಮ್ಮನಿಗೆ ಉಸಿರು ಸಿಕ್ಕಿಕೊಂಡು ಬಂಗಾರಪೇಟೆಯ ಆಸ್ಪತ್ರೆಗೆ ಸೇರಿಸಿದರು. ಸೆಲ್ವರಾಜ್ ರಜೆ ಹಾಕಿ ಓಡಿದ. ಆಸ್ಪತ್ರೆಯ ಕಿಟಕಿಯಲ್ಲಿ ಮುನೇಶ್ ತಾಯಿಯ ಹಳೇ ವೋಟರ್ ಕಾರ್ಡು ಕೊಡುವಾಗ ಸೆಲ್ವರಾಜನ ಕಣ್ಣಿಗೆ ಅದರ ಫೋಟೋ ಬಿತ್ತು. ಅಲ್ಲೂ ಸೆರಗು. ಒಂದು ಕಣ್ಣು, ಅರ್ಧ ಮೂಗು, ಬಾಯಿಯ ಒಂದು ಕೊನೆ. ನಾಳೆ ಹೆಚ್ಚುಕಡಿಮೆಯಾದರೆ ಮಕ್ಕಳು ಇದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತಾರೆ. ಊರಿನವರ ಮುಖವನ್ನೆಲ್ಲ ತೆಗೆದ ಇವನನ್ನು ಎದೆಹಾಲು ಕೊಟ್ಟು ಬದುಕಿಸಿದವಳ ಅರ್ಧ ಮುಖಕ್ಕೆ ಹಾರ ಬೀಳುತ್ತದೆ.

ದೇವರು ದೊಡ್ಡವನು, ಪಾಲಮ್ಮ ಎದ್ದು ಮನೆಗೆ ಬಂದಳು. ಮುಂದಿನ ಭಾನುವಾರವೇ ಸೆಲ್ವರಾಜ್ ಕ್ಯಾಮೆರಾ ನೇತುಹಾಕಿಕೊಂಡು ಹೋದ.

"ಪಾಲಮ್ಮ, ಒಂದು ಫೋಟೋ ತೆಗೀತೀನಿ. ಗೋಡೆಗೆ ಆಕೋ ಅಂಥದ್ದು."

"ತೆಕ್ಕೊಳ್ಲಾ. ಬ್ಯಾಡ ಅಂದೋರು ಯಾರು?"

ಬಾಯಿ ಹೀಗೆನ್ನುತ್ತದೆ, ಕೈ ಬೇರೆಯೇ ಮಾಡುತ್ತದೆ. ಅವನ ಕ್ಯಾಮೆರಾದ ಮಾಮೂಲಿ ಲೆನ್ಸಿನಲ್ಲಿ ಮುಖ ತುಂಬಿ ಬರಬೇಕಾದರೆ ಎದುರಿಗೆ ಮಾರು ದೂರಕ್ಕೆ ಹೋಗಿ ಬಗ್ಗಬೇಕು. ಬಗ್ಗಿದ, ಸೆರಗು ಏರಿತು. ಹಿಂದೆ ಸರಿದು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತ, ಸೆರಗು ತಾನಾಗಿ ಜಾರಿತು. ಆದರೆ ಅಲ್ಲಿಂದ ನೋಡಿದರೆ ಕಿಟಕಿಯ ತುಂಬ ಕೊಟ್ಟಿಗೆ, ಹುಲ್ಲು, ಎರಡು ಹಸು, ನಡುವೆ ಅವರೆಕಾಳಿನಷ್ಟು ಮುಖ. ಮುನೇಶನ ಮಗಳು ಅರ್ಚನ ತನ್ನ ಮೊಬೈಲಿನಲ್ಲಿ ದೂರದಿಂದ ಎಳೆದು ತೆಗೆದು ತೋರಿಸಿದಳು. ಎಳೆದ ಮುಖ ರಾಗಿಹಿಟ್ಟಿನಲ್ಲಿ ಬಿಡಿಸಿದ ಹಾಗೆ ಪುಡಿಪುಡಿಯಾಗಿತ್ತು.

ಸೋಮವಾರ ರೈಲಿನಲ್ಲಿ ಇದನ್ನೆಲ್ಲ ಕೇಳಿದ ಕುಪ್ಪುಸ್ವಾಮಿ ನಕ್ಕ. ಅವನು ಮುಂದಿನ ಕೋರಮಂಡಲ ಸ್ಟೇಷನ್ನಿನಲ್ಲಿ ಹತ್ತಿ ಪ್ರತಿದಿನ ಸೆಲ್ವರಾಜನ ಪಕ್ಕ ಕೂರುವವನು, ಊರಿನ ಎಲ್ಲ ರೋಗಕ್ಕೂ ಒಬ್ಬ ಡಾಕ್ಟರು ಗೊತ್ತಿರುವ ಜಾತಿ. "ನೀನು ಅತ್ರ ಓಗೋದು ಆ ಅಮ್ಮಂಗೆ ಆಗಲ್ಲ. ನೀನಿದ್ದಲ್ಲೇ ಇರು, ಮುಖಾನೇ ಅತ್ರ ತರೋ ಲೆನ್ಸು ತಗೋ. ನಮ್ಮ ಮಾರಿಕುಪ್ಪಂ ಆರುಮುಗಂ ಅಣ್ಣ ಬೆಂಗ್ಳೂರಲ್ಲಿ ಹಳೇ ಕ್ಯಾಮೆರಾ ರಿಪೇರಿ ಮಾಡ್ತಾರೆ. ಊರೋರು ಅಂದ್ರೆ ಜೀವ."

ಕೈಯಲ್ಲಿ ನಾಲ್ಕು ಕಾಸು ಸೇರಿಸಿಕೊಂಡು ಸೆಲ್ವರಾಜ್ ಅಲ್ಲಿಗೆ ಹೋಗುವ ಹೊತ್ತಿಗೆ ದಸರೆ ಹತ್ತಿರ ಬಂದಿತ್ತು. ಆರುಮುಗಂ ಅಂಗಡಿ ಎಂದರೆ ಹಳೇಪೇಟೆಯ ಒಂದು ಮಹಡಿ ಮೆಟ್ಟಿಲ ಕೆಳಗಿನ ಗೂಡು. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಸೆಲ್ವರಾಜ್ ಪಾಲಮ್ಮನ ಕಥೆ ಹೇಳಿದ. ಆರುಮುಗಂ ಕಣ್ಣಿನ ಭೂತಗನ್ನಡಿ ತೆಗೆದು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಒಂದು ಟವೆಲ್ಲು ಹಾಸಿ ಅದರ ಮೇಲೆ ನಾಲ್ಕು ಲೆನ್ಸು ಇಟ್ಟರು. ನಾಲ್ಕೂ ಇವನ ಕ್ಯಾಮೆರಾಗೆ ತಿರುಗಿ ಕೂರುವಂಥವೇ.

ಮೊದಲನೆಯದು ಜರ್ಮನಿಯದು, ಮದುವಣಗಿತ್ತಿಯಂತೆ ಮಿಂಚುತ್ತಿತ್ತು. ಸೆಲ್ವರಾಜ್ ಅದರ ಕಡೆ ಕೈ ಚಾಚಿದ.

"ಅದು ನೋಡೋಕೆ ಇಟ್ಟಿದ್ದು ತಂಬಿ, ಮುಟ್ಟೋಕಲ್ಲ. ಅದರ ದುಡ್ಡಿಗೆ ಕರು ಸಮೇತ ಅಸು ಬರ್ತದೆ" ಎಂದು ಆರುಮುಗಂ ಅದನ್ನು ಪೆಟ್ಟಿಗೆಗೆ ಹಾಕಿಬಿಟ್ಟರು.

ಎರಡನೆಯದು ಮೊಳಕೈಯಂತೆ ಉದ್ದ. ಅದು ಅಗ್ಗ. ಅಗ್ಗ ಎಂದ ಮೇಲೆ ಸೆಲ್ವರಾಜನಿಗೆ ಆಸೆ. ಆರುಮುಗಂ ತಲೆ ಅಲ್ಲಾಡಿಸಿದರು. ಲೆನ್ಸು ಉದ್ದವಾದಷ್ಟೂ ಕಿಟಕಿಯಲ್ಲಿ ಕೂದಲೆಳೆ ತಪ್ಪಿದರೆ ರೀಲಿನಲ್ಲಿ ಮುಖವೇ ತಪ್ಪುತ್ತದೆ, ಈ ಕ್ಯಾಮೆರಾದ ಸಣ್ಣ ಕಿಟಕಿಗೆ ಅಷ್ಟು ಉದ್ದದ ಲೆನ್ಸನ್ನು ಸಂಭಾಳಿಸುವ ತಾಕತ್ತಿಲ್ಲ ಎಂದರು. ಸಾಲದ್ದಕ್ಕೆ, ಅದರಲ್ಲಿ ಮುಖ ಹಿಡಿಯಬೇಕೆಂದರೆ ಕೊಟ್ಟಿಗೆ ದಾಟಿ ಬೀದಿಗೆ ಹೋಗಿ ನಿಲ್ಲಬೇಕು.

ಮೂರನೆಯದು ರಷ್ಯಾದ್ದೇ, ಮುಂದೆ ಬಟ್ಟಲಿನಷ್ಟು ದೊಡ್ಡ ಗಾಜು. ಎಂಬತ್ತೈದು ಎಂಎಂ. ಸಂಜೆಗತ್ತಲಲ್ಲೂ ಮುಖ ಹಿಡಿಯುತ್ತದೆ, ಹಿಂದಿನದೆಲ್ಲ ಕರಗಿ ಬೆಣ್ಣೆಯಾಗುತ್ತದೆ. ಸೆಲ್ವರಾಜನ ಮನಸ್ಸು ಅದರ ಮೇಲೆ ಕೂತುಬಿಟ್ಟಿತು. ಬೆಲೆಯೂ ಕಷ್ಟಪಟ್ಟರೆ ಎಟುಕುವಂಥದ್ದು. ಆರುಮುಗಂ ಕ್ಯಾಮೆರಾದ ಬೆನ್ನು ತೆಗೆದು, ರೀಲು ಕೂರುವ ಜಾಗಕ್ಕೆ ಬೆಣ್ಣೆ ಕಾಗದದ ಚೂರು ಅಂಟಿಸಿ, ಲೆನ್ಸು ಕೂರಿಸಿ, "ಬಾಗಿಲಲ್ಲಿ ನೇತಾಕಿರೋ ಕ್ಯಾಲೆಂಡರಿನ ಅಂಕಿಗೆ ಇಡು" ಎಂದರು. ಸೆಲ್ವರಾಜ್ ಕಿಟಕಿಯಲ್ಲಿ ಎರಡು ಅಂಕಿ ಒಂದು ಮಾಡಿದ. ಆಮೇಲೆ ಹಿಂದಿನಿಂದ ಬಗ್ಗಿ ನೋಡಿದರೆ ಬೆಣ್ಣೆ ಕಾಗದದ ಮೇಲೆ ಕ್ಯಾಲೆಂಡರು ತಲೆಕೆಳಗಾಗಿ ನೇತಾಡುತ್ತಿದೆ. ಅಂಕಿಗಳು ಮಸುಕು, ಅದರಾಚೆಗಿನ ಎದುರು ಗೋಡೆಯ ಬಿರುಕು ಮಾತ್ರ ಸ್ಪಷ್ಟ.

"ನೀನು ಮೂಗಿಗೆ ಇಡ್ತೀಯ, ಇದು ಕಿವಿಗೆ ಇಡ್ತದೆ. ಈ ಲೆನ್ಸು ಇಂಗೆ ಬಂದಿದೆ, ಎಲ್ಲಾ ಇಂಗೇ ಅಂತ ಅಲ್ಲ. ಸರಿ ಮಾಡ್ಬೋದು. ಆದ್ರೆ ಮಾಡೋ ಕೂಲಿ ಲೆನ್ಸಿಗಿಂತ ಜಾಸ್ತಿ ಆಗ್ತದೆ, ನಾನೇ ಏಳ್ತಾ ಇದೀನಿ."

ಉಳಿದದ್ದು ಒಂದೇ. ತೊಂಬತ್ತು ಎಂಎಂ, ತೆಳ್ಳಗೆ, ಮಂಕು ಬೆಳ್ಳಿ ಬಣ್ಣ, ಮುಂದಿನ ಗಾಜು ಒಂದು ರೂಪಾಯಿ ನಾಣ್ಯದಷ್ಟು. ಬೆಳಕು ಕಮ್ಮಿ ಕುಡಿಯುವ ಲೆನ್ಸು, ಕತ್ತಲಲ್ಲಿ ಕೆಲಸಕ್ಕೆ ಬಾರದು ಎಂದು ಯಾರೂ ಒಯ್ಯದೆ ಉಳಿದಿತ್ತು. ಅದನ್ನು ಕೂರಿಸಿ ನೋಡಿದರೆ ತಲೆಕೆಳಗಾದ ಅಂಕಿಗಳು ಸೂಜಿಯಲ್ಲಿ ಬರೆದ ಹಾಗೆ ನಿಂತವು. ಆರುಮುಗಂ ಗಾಜಿನೊಳಗೆ ಟಾರ್ಚು ಬಿಟ್ಟು ತೋರಿಸಿದರು. ಬೂಷ್ಟಿಲ್ಲ, ಗೀರಿಲ್ಲ, ಗಾಜು ಬಾವಿಯ ನೀರಿನಂತಿತ್ತು.

"ಬೆಳಕು ಜಾಸ್ತಿ ಬೇಕಲ್ಲಾಣ್ಣ ಇದಕ್ಕೆ."

"ಆ ಅಮ್ಮ ಎಲ್ಲಿ ಕೂರ್ತಾರೆ?"

"ಕೊಟ್ಟಿಗೆ ಮುಂದೆ. ಬೆಳಗಿನ ಬಿಸಿಲಲ್ಲಿ."

"ಮತ್ತೆ? ನಮ್ಮೂರಲ್ಲಿ ಚಿನ್ನ ಮುಗೀತು, ಬಿಸಿಲಿಗೇನು ಬಡತನ?"

ರೈಲಿನ ಬೋಂಡ, ಸಂಜೆಯ ಟೀ ಎರಡು ತಿಂಗಳು ಬಿಟ್ಟರೆ ಸರಿಹೋಗುವ ಬೆಲೆ. ಊರಿನವನೆಂದು ಆರುಮುಗಂ ಅದರಲ್ಲೂ ಬಿಟ್ಟರು. ಕ್ಯಾಮೆರಾದ ಕಿಟಕಿ ಹಳೆಯ ಲೆನ್ಸಿನ ಅಳತೆಯದು, ಆದ್ದರಿಂದ ಕಿಟಕಿಯ ನಡುವಿನ ಅರ್ಧ ಭಾಗವಷ್ಟೇ ಫೋಟೋ ಎಂದುಕೋ ಎಂದು ಹೇಳಿಕೊಟ್ಟು, "ಪಾಲಮ್ಮನ್ನ ನಂಗೂ ತೋರ್ಸು" ಎಂದು ಬೀಳ್ಕೊಟ್ಟರು. ಸಂಜೆ ರೈಲಿನಲ್ಲಿ ಸೆಲ್ವರಾಜ್ ಆ ಲೆನ್ಸನ್ನು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಬಂಗಾರಪೇಟೆಯಲ್ಲಿ ಜನ ನುಗ್ಗುವಾಗ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ನಿಂತ. ಎಷ್ಟು ಜನ ಸೇರಿ ತನಗೆ ಇದನ್ನು ಕೊಟ್ಟರು ಎಂದು ಲೆಕ್ಕ ಹಾಕಿ ಸುಖಪಟ್ಟ.

ಅದೇ ವಾರ ಆಯುಧ ಪೂಜೆ ಬಂತು. ನಮ್ಮ ಕಡೆ ಆಯುಧ ಪೂಜೆಯ ದಿನ ಕೈಯಲ್ಲಿ ಹಿಡಿದು ದುಡಿಯುವ ಒಂದು ವಸ್ತುವೂ ಬೋಳು ಹಣೆಯಲ್ಲಿ ಇರಕೂಡದು. ಸ್ಕೂಟರಿಗೆ ಬೊಟ್ಟು, ಹೊಲಿಗೆ ಮಿಷಿನ್ನಿಗೆ ಬೊಟ್ಟು, ಇಸ್ತ್ರಿ ಪೆಟ್ಟಿಗೆಗೆ, ಮಿಕ್ಸಿಗೆ, ಕತ್ತರಿಗೆ ಬೊಟ್ಟು. ಸೆಲ್ವರಾಜ್ ಕಾರ್ಖಾನೆಯ ಪೂಜೆಗೆ ಹೋಗುವಾಗ ಕ್ಯಾಮೆರಾವನ್ನೂ ಹೊಸ ಲೆನ್ಸನ್ನೂ ತಾನೇ ದೇವರ ಮುಂದೆ ಇಟ್ಟು ಹೋದ. ಪ್ರತಿವರ್ಷ ಅವನ ಹೆಂಡತಿ ಶ್ಯಾಮಲಾ ಕ್ಯಾಮೆರಾದ ಚರ್ಮದ ಚೀಲಕ್ಕೆ ಬೊಟ್ಟಿಡುವುದು ರೂಢಿ. ಈ ಸಲ ಲೆನ್ಸು ಬೇರೆಯಾಗಿ, ಮುಚ್ಚಳವಿಲ್ಲದೆ, ಗಾಜು ಮೇಲಾಗಿ ನಿಂತಿತ್ತು. ಹೊಸದಾಗಿ ಮನೆಗೆ ಬಂದದ್ದು. ಅದರ ಹಣೆ ಯಾವುದು ಎಂದು ಶ್ಯಾಮಲಾ ಹುಡುಕಬೇಕಾಗಿಯೇ ಇರಲಿಲ್ಲ. ನಡು ಗಾಜಿಗೆ ಗಂಧ, ಗಂಧದ ಮೇಲೆ ದುಂಡಗೆ ಕುಂಕುಮ.

ಅಷ್ಟಕ್ಕೇ ನಿಂತಿದ್ದರೂ ಬದುಕಿಕೊಳ್ಳುತ್ತಿತ್ತು. ಮಾರನೆಯ ದಿನ ಪೂಜೆ ತೆಗೆಯುವಾಗ, ಜೊತೆಗೇ ಇರುವ ಶ್ಯಾಮಲಾಳ ತಾಯಿ ಅಮ್ಮಾಜಮ್ಮನ ಕಣ್ಣಿಗೆ ಒಣಗಿದ ಗಂಧ ಗಾಜಿಗೆ ಕಚ್ಚಿಕೊಂಡಿದ್ದು ಬಿತ್ತು. ಅಳಿಯನ ವಸ್ತು ಕೊಳೆಯಾಗಿ ಇರಬಾರದು. ಕರೆಂಟಿಲ್ಲದ ಕಾಲದಲ್ಲಿ ಲಾಟೀನಿನ ಗಾಜನ್ನು ಫಳಫಳ ಹೊಳೆಯಿಸಿದ ಕೈ ಅವರದು. ದೇವರ ಮುಂದಿನ ವಿಭೂತಿ ಒಂದು ಚಿಟಿಕೆ, ಹಳೇ ಪಂಚೆಯ ತುಂಡು. ಉಜ್ಜಿದರು ಉಜ್ಜಿದರು, ಗಂಧ ಪೂರ್ತಿ ಹೋಗುವವರೆಗೂ ಉಜ್ಜಿದರು.

"ನೋಡಿ ಮಾಪ್ಳೆ, ಎಂಗೆ ಲಕಲಕ ಅಂತೈತೆ" ಎಂದು ಅಳಿಯನ ಕೈಗೆ ಕೊಟ್ಟರು.

ಸೆಲ್ವರಾಜ್ ಕಿಟಕಿಯ ಬೆಳಕಿಗೆ ಹಿಡಿದ. ಗಾಜಿನ ತುಂಬ ಕೂದಲೆಳೆಯಂಥ ಗೀರು, ಸುತ್ತಿ ಸುತ್ತಿ, ಬಾವಿಯ ನೀರಿಗೆ ಮಂಜು ಕವಿದಂತೆ. ಮಾವ ತೀರಿಹೋದ ದಿನದಿಂದ ಅತ್ತೆಗೆ ಅವನು ಒಂದು ಗಟ್ಟಿ ಮಾತು ಆಡಿದವನಲ್ಲ. ಈಗಲೂ ಆಡಲಿಲ್ಲ. ಆದರೆ ಮುಖ ಮಾತಾಡಿಬಿಟ್ಟಿತು. ಅಮ್ಮಾಜಮ್ಮ ಏನೋ ತಪ್ಪಾಗಿದೆಯೆಂದು ತಿಳಿದು ಪಂಚೆಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಅವನು ಚಪ್ಪಲಿ ಮೆಟ್ಟಿ, ಗಣಿಯ ಪುಡಿಮಣ್ಣು ಸುರಿದು ಬೆಳೆದ ಸೈನೇಡ್ ಗುಡ್ಡದ ಕಡೆ ಹೋಗಿ, ಅದರ ಬುಡದಲ್ಲಿ ಕೂತು ಆರುಮುಗಂಗೆ ಫೋನ್ ಮಾಡಿದ. ನಡೆದದ್ದನ್ನೆಲ್ಲ ಹೇಳಿದ.

ಆರುಮುಗಂ ನಗಲಿಲ್ಲ. "ನಮ್ಮಮ್ಮಾನೂ ಅದೇ ಮಾಡ್ತಿದ್ರು ತಂಬಿ. ಇದು ಅಳಿಸೋಕಾಗಲ್ಲ. ಮುಖ ಬರ್ತದೆ, ಸೂಜಿ ತರ ಬರಲ್ಲ. ಬಿಸಿಲು ಬಿದ್ದಿರೋ ಕಡೆ ಒಂಚೂರು ಅರಡ್ಕೊಂತದೆ. ಇನ್ನೊಂದು ಲೆನ್ಸು ಸಿಗೋವರ್ಗೂ ಕಾಯ್ತೀಯ?"

ಕಾಯುವುದೆಂದರೆ ಎಷ್ಟು? ಆಷಾಢದ ಆಸ್ಪತ್ರೆ, ಆಮ್ಲಜನಕದ ಕೊಳವೆ ಅವನ ಕಣ್ಣ ಮುಂದೆ ಬಂದವು. ಮುಖದ ಜಾಗದಲ್ಲಿ ಅರ್ಧ ಮುಖ ಇರುವುದಕ್ಕಿಂತ ಮಸುಕಾದ ಪೂರ್ತಿ ಮುಖ ಮೇಲು ಎಂದು ಎದ್ದು ಮನೆಗೆ ಬಂದ. ಅಡುಗೆಮನೆಯಲ್ಲಿ ಅಮ್ಮಾಜಮ್ಮ ಇನ್ನೂ ಪಂಚೆಯ ತುಂಡು ಹಿಡಿದೇ ಕೂತಿದ್ದರು. "ಅತ್ತೆ, ಒಂದು ಕಾಪಿ ಕೊಡಿ" ಎಂದ. ಕೊಟ್ಟರು. ಅಲ್ಲಿಗೆ ಆ ವಿಷಯ ಮುಗಿಯಿತು.

ಭಾನುವಾರ ಬೆಳಗ್ಗೆ ಹಾಲು ಕರೆಯುವ ಹೊತ್ತು ಮುಗಿದಿತ್ತು. ಪಾಲಮ್ಮ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ಸೆಲ್ವರಾಜ್ ಅಂಗಳದ ಇನ್ನೊಂದು ಕಡೆ ಬೇಲಿಗೆ ಒರಗಿ ನಿಂತ, ಹತ್ತಿರ ಹೋಗಲಿಲ್ಲ. ಲೆನ್ಸು ಹೊಸದಾದರೂ ಕ್ಯಾಮೆರಾ ಹಳೆಯದೇ, ಕಿಟಕಿಯಲ್ಲಿ ಇಬ್ಬರು ಪಾಲಮ್ಮಂದಿರು ಕಂಡರು. ಅವಳು ಹಸುವಿನ ಜೊತೆ ಮಾತಾಡುತ್ತಿದ್ದಳು. ಕರೆಯುವಾಗ ಒದ್ದ ಹಸುವಿಗೆ ಬೈಗುಳ, ಒದೆಯದ ಹಸುವಿಗೆ ಹೊಗಳಿಕೆ.

"ಲೇ ಸೆಲ್ವ, ಯಾಕ್ಲಾ ಅಲ್ಲೇ ನಿಂತ್ಕೊಂಡೆ?"

"ನೀನು ಮಾತಾಡ್ತಿರು ಪಾಲಮ್ಮ. ನಾನು ಇಲ್ಲಿಂದ್ಲೇ ಅತ್ರ ಬತ್ತೀನಿ."

"ಇವನ ಮಾತು ನೋಡು" ಎಂದು ಅವಳು ನಕ್ಕಳು. ಬಿಸಿಲು ಎಡಗೆನ್ನೆಯ ಮೇಲೆ ಬಿದ್ದಿತ್ತು. ಸೆರಗು ಕೆನ್ನೆ ಬಿಟ್ಟು ಹೆಗಲಿಗೆ ಜಾರಿತ್ತು. ಇಬ್ಬರು ಪಾಲಮ್ಮಂದಿರು ಒಬ್ಬಳಾದರು. ಅವನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಆ ಕ್ಯಾಮೆರಾ ಸದ್ದು ಮಾಡುವುದಿಲ್ಲ, ನಾಲಗೆ ಲೊಚಗುಟ್ಟಿದಷ್ಟೇ. ಅವಳಿಗೆ ಗೊತ್ತೇ ಆಗಲಿಲ್ಲ. ರೀಲು ಮುಗಿಯುವವರೆಗೂ ತೆಗೆದ.

ಬೆಂಗಳೂರಿನಲ್ಲಿ ರೀಲು ತೊಳೆಸಿ, ಆ ಒಂದು ನಗುವನ್ನು ಎರಡು ಪ್ರತಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ. ಒಂದು ಅವಳಿಗೆ, ಒಂದು ತನ್ನ ಮನೆಯಲ್ಲಿ ತಾಯಿಯ ಫೋಟೋದ ಪಕ್ಕಕ್ಕೆ. ಮುಖ ಬಂದಿತ್ತು. ಕಣ್ಣಿನ ಸುತ್ತಿನ ಸುಕ್ಕು, ಹಲ್ಲು ಬಿದ್ದ ಬಾಯಿಯ ನಗು, ಹಣೆಯ ಮೇಲೆ ಹಾರಿದ ಬಿಳಿ ಕೂದಲು, ಎಲ್ಲ ಇತ್ತು. ಆದರೆ ಬಿಸಿಲು ಬಿದ್ದ ಎಡಗೆನ್ನೆಯಲ್ಲಿ ಬೆಳಕು ಅರಳಿ ಹರಡಿ, ಗಾಯದ ಗೆರೆ ಇತ್ತೋ ಇಲ್ಲವೋ ಎಂಬಂತೆ ಅದರೊಳಗೆ ಮುಳುಗಿಹೋಗಿತ್ತು. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಬ್ಯೂಟಿ ಆ್ಯಪಿನಲ್ಲಿ ಮುಖ ತಿದ್ದುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಈಗ ತಾನೇ ಪಾಲಮ್ಮನ ಮುಖ ತಿದ್ದಿದ ಹಾಗಾಯಿತಲ್ಲ ಎಂದು ದೀಪಾವಳಿಯ ದಿನ ಅಳುಕುತ್ತಲೇ ತೆಗೆದುಕೊಂಡು ಹೋದ.

ನಡುಮನೆಯ ಗೋಡೆಯಲ್ಲಿ ಪಾಲಮ್ಮನ ಅತ್ತೆಯ ಫೋಟೋ ಇದೆ, ಗಂಟು ಮುಖದ ಮುದುಕಿ, ಮೇಲೆ ಪ್ಲಾಸ್ಟಿಕ್ ಹಾರ. ಅದರ ಕೆಳಗೆ ಚಾಪೆಯ ಮೇಲೆ ಪಾಲಮ್ಮ ಕೂತಿದ್ದಳು. ಮುನೇಶ್ ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ. ಸೆಲ್ವರಾಜ್ ಸುತ್ತಿದ ಕಾಗದ ಬಿಚ್ಚಿ ಫೋಟೋವನ್ನು ಅವಳ ಮಡಿಲಿಗಿಟ್ಟ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಬೆರಳು ಫೋಟೋದ ಕೆನ್ನೆಗೆ ಹೋಯಿತು, ಆಮೇಲೆ ತನ್ನ ಕೆನ್ನೆಗೆ.

"ಗಾಯ ಎಲ್ಲೋಯ್ತು?"

"ಬರ್ಲಿಲ್ಲ ಪಾಲಮ್ಮ. ಲೆನ್ಸಿನ ಗಾಜು ಕೆಟ್ಟೋಗಿತ್ತು." ಅತ್ತೆಯ ವಿಭೂತಿಯ ಕಥೆಯನ್ನು ಪೂರ್ತಿ ಹೇಳಿದ. "ತಪ್ಪಾಯ್ತು. ಬೇರೆ ಲೆನ್ಸು ತಂದು ಇನ್ನೊಂದ್ಸಲ ತೆಗೀತೀನಿ."

ಪಾಲಮ್ಮ ನಗತೊಡಗಿದಳು. ಕೆಮ್ಮು ಬರುವಷ್ಟು ನಕ್ಕಳು, ಕಣ್ಣಲ್ಲಿ ನೀರು ಬಂತು. ಅವನು ಎದುರಿಗೇ ಮೊಣಕಾಲೂರಿ ಕೂತಿದ್ದರೂ ಕೈ ಸೆರಗಿಗೆ ಹೋಗಲಿಲ್ಲ.

"ನಮ್ಮತ್ತೆ ಬರೆದಿದ್ದನ್ನ ನಿಮ್ಮತ್ತೆ ಒರೆಸಿದ್ಲು ಬಿಡು."

ಸೆಲ್ವರಾಜನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಮುನೇಶನ ಕೈಯೂ ನಿಂತಿತು.

"ಇದು ಅಸು ತಿವಿದಿದ್ದಲ್ಲ ಕಣ್ಲಾ. ನಾನು ನಿಂಗೆ ಆಲು ಕುಡುಸ್ತಿದ್ದೀನಿ ಅಂತ ಯಾರೋ ಅತ್ತೆ ಕಿವಿಗೆ ಆಕಿದ್ರು. ಲೈನಿನ ಮಗೀಗೆ ಕೊಟ್ಟ ಎದೇನ ನನ್ ಮೊಮ್ಮಗನ ಬಾಯಿಗೂ ಇಡ್ತೀಯ ಅಂತ ಕೈಗೆ ಸಿಕ್ಕಿದ ಪಾವು ಬೀಸಿದ್ಲು. ಕೆನ್ನೆ ಸೀಳ್ಕೊಂಡು ಓಗಿ ಒರಳುಕಲ್ಲಿಗೆ ಬಡೀತು. ಅಸು ಅಂತ ಏಳು ಅಂದಿದ್ದೂ ಅವಳೇ."

ಸೆಲ್ವರಾಜ್ ತಲೆ ಎತ್ತಿ ಗೋಡೆಯ ಗೂಡಿನ ಕಡೆ ನೋಡಿದ. ಅಂಚು ನೆಗ್ಗಿದ ಹಿತ್ತಾಳೆ ಪಾವು ಹುಣಸೆಹಣ್ಣಿನಲ್ಲಿ ತೊಳೆಸಿಕೊಂಡು ಅಲ್ಲೇ ಬೋರಲು ಮಲಗಿತ್ತು. ಅದೇ ಪಾವಿನಲ್ಲಿ ಅವನ ಬಾಲ್ಯದ ಹಾಲೆಲ್ಲ ಅಳೆದು ಬಂದಿತ್ತು, ಮೇಲೊಂದಿಷ್ಟು ಸೇರಿಸಿ.

"ಮಾರನೆ ದಿನ?" ಎಂದ.

"ಮಾರನೆ ದಿನ ಏನು?"

"ಬಂದ್ಯಾ, ನಮ್ಮನೆಗೆ?"

"ಬರ್ದೆ ಇನ್ನೆಲ್ಲಿಗೋಗ್ಲಿ? ಅರಿಶಿನ ಮೆತ್ಕೊಂಡು ಬಂದೆ. ಅಷ್ಟೊತ್ತಿಗೆಲ್ಲ ನೀನು ಅರಚ್ತಾ ಇದ್ದೆ."

ಸೆಲ್ವರಾಜ್ ಅವಳ ಪಾದದ ಮೇಲೆ ತಲೆ ಇಟ್ಟು ಅತ್ತ. ಐವತ್ತು ದಾಟಿದ ಗಂಡಸು, ನಾಚಿಕೆ ಬಿಟ್ಟು ಅತ್ತ. ದುಃಖಕ್ಕೆ ಅತ್ತದ್ದಲ್ಲ. ತನ್ನ ಜೀವಕ್ಕೆ ಒಬ್ಬಳು ಇಷ್ಟು ಕೊಟ್ಟು, ಕೊಟ್ಟದ್ದು ತನಗೆ ಕಾಣಬಾರದೆಂದು ಜೀವಮಾನವಿಡೀ ಸೆರಗು ಹಿಡಿದುಕೊಂಡಿದ್ದಳಲ್ಲ ಎಂದು ಅತ್ತ. ಅವಳು ಅವನ ಬೆನ್ನು ತಟ್ಟಿದಳು.

"ಇದುಕ್ಕೇ ಏಳ್ದೆ ಇದ್ದಿದ್ದು ನೋಡು. ನೀನು ಕೇಳ್ತೀಯ, ಆಮೇಲೆ ಇಂಗೆ ಕೊರಗ್ತೀಯ ಅಂತ ಮುಚ್ಕೊಂಡು ಓಡಾಡ್ದೆ. ಈಗ ಇದ್ರಲ್ಲಿ ಗಾಯಾನೇ ಇಲ್ಲ. ಇನ್ನೇನ್ ಮುಚ್ಚೋದು? ಎದ್ದೇಳು. ನಿಮ್ಮತ್ತೆಗೆ ಒಂದು ಸೇರು ತುಪ್ಪ ಕೊಡ್ತೀನಿ, ತಗೊಂಡೋಗು."

ಮುನೇಶ್ ಎದ್ದು ಒಳಗೆ ಹೋಗಿ ಸುತ್ತಿಗೆ, ಮೊಳೆ ತಂದ. ಅಜ್ಜಿಯ ಫೋಟೋದ ಪಕ್ಕ ಖಾಲಿಯಿದ್ದ ಜಾಗಕ್ಕೆ ಮೊಳೆ ಇಟ್ಟು ತಾಯಿಯ ಕಡೆ ತಿರುಗಿದ.

"ಅಲ್ಲಲ್ಲ ಕಣೋ. ಎದುರು ಗೋಡೆಗೆ ಒಡಿ. ಗಾಯ ಇಲ್ದಿರೋ ನನ್ ಮುಖ ಆಕೇನೂ ಒಂದ್ಸಲ ನೋಡ್ಲಿ."

ಎದುರು ಗೋಡೆಗೆ ಮುನೇಶ್ ಮೊಳೆ ಹೊಡೆದ. ಸೆಲ್ವರಾಜ್ ಕಣ್ಣೊರೆಸಿಕೊಂಡು ಫೋಟೋ ಎತ್ತಿ ಹಿಡಿದ. ಪಾಲಮ್ಮ ಚಾಪೆಯಿಂದ ಎದ್ದು, ಸೆರಗನ್ನು ಹೆಗಲ ಮೇಲೇ ಬಿಟ್ಟು, ಒಮ್ಮೆ ಅತ್ತೆಯನ್ನೂ ಒಮ್ಮೆ ತನ್ನನ್ನೂ ನೋಡಿದಳು.

"ಇನ್ನೊಂಚೂರು ಕೆಳಗೆ ಬರ್ಲಿ" ಎಂದಳು. "ಆಕೆ ಕಣ್ಣಿಗೆ ನೇರ."